ರಾಚೆಸ್ಟರ್ ಹಿಲ್ಸ್‌ನಲ್ಲಿ ಕುಸಿದ ಅರಮನೆ

ತಾಳಿ, ತಾಳಿ. ಕೈಯಲ್ಲಿ ಚಹಾ ಇದ್ದರೆ ಮೊದಲು ಕೆಳಗಿಡಿ. ಮುಂದೆ ಒಂದು ಕಡೆ ಕೊರಿಯಾದ ಹಳೆಯ ಅರಮನೆಯೊಂದು ಸಂಜೆ ಹೊತ್ತಿನಲ್ಲಿ ಇಡೀ ಒಂದು ತರಗತಿಯ ಮಕ್ಕಳ ತಲೆಯ ಮೇಲೆ ಬೀಳುತ್ತದೆ. ಅದು ಬರುವವರೆಗೆ ನೀವು ಎದ್ದು ಹೋಗಬಾರದು. ಬಿದ್ದಾಗ ನಾನು ಒಳಗೇ ಇದ್ದೆ. ಇದು ನಡೆದದ್ದು ಡೆಟ್ರಾಯಿಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನ ಒಂದು ಹೈಸ್ಕೂಲಿನ ಜಿಮ್‌ನಲ್ಲಿ, ಕಳೆದ ಫೆಬ್ರವರಿಯಲ್ಲಿ. ನನ್ನ ಎದೆ ಇನ್ನೂ ಪೂರ್ತಿ ಜಾಗಕ್ಕೆ ಬಂದಿಲ್ಲ.

ಅಲ್ಲಿಂದ ಐದಾರು ಗಂಟೆ ದಾರಿಯ ನಮ್ಮ ಡೌನರ್ಸ್ ಗ್ರೋವ್‌ನಲ್ಲಿ ಒಬ್ಬ ಅಂಕಲ್ ಇದ್ದಾರೆ. ಮೈಸೂರಿನವರು, ವಿಜ್ಞಾನದ ಮೇಷ್ಟರಾಗಿ ನಿವೃತ್ತರಾದವರು. ಅವರ ಹತ್ತಿರ ಗಾಳಿ ತುಂಬುವ ತಾರಾಲಯವಿದೆ. ಹೊರಗೆ ಬೆಳ್ಳಿ ಬಣ್ಣದ, ಒಳಗೆ ಬಿಳಿಯ ಬಟ್ಟೆ. ಫ್ಯಾನ್ ಹಾಕಿದರೆ ಜಿಮ್ ನಡುವೆ ದೊಡ್ಡ ಇಡ್ಲಿಯ ಹಾಗೆ ಉಬ್ಬಿಕೊಳ್ಳುತ್ತದೆ. ಮಕ್ಕಳು ಬಟ್ಟೆಯ ಸುರಂಗದಲ್ಲಿ ತೆವಳಿಕೊಂಡು ಒಳಗೆ ಬರಬೇಕು. ನಡುವೆ ನಕ್ಷತ್ರ ಯಂತ್ರ. ಫ್ಯಾನ್ ನಡೆಯುತ್ತಿರುವವರೆಗೆ ಅದು ಆಕಾಶ, ನಿಂತರೆ ಬರೀ ಬಟ್ಟೆ. ಇದಕ್ಕೆ ನಾವು ಡೋಮ್ ಅನ್ನುತ್ತೇವೆ.

ನಾನು ಅವರ ಜೊತೆ ಶಾಲೆಯಿಂದ ಶಾಲೆಗೆ ಓಡಾಡುತ್ತೇನೆ. ಉಳಿದ ಹೊತ್ತು ಅಬ್ಬು, ಅಂದರೆ ನಮ್ಮಪ್ಪ, ನಡೆಸುವ ದಿನಸಿ ಅಂಗಡಿಯ ಕೌಂಟರಿನಲ್ಲಿ. ನಾವು ಚನ್ನಪಟ್ಟಣದವರು. ನನ್ನದು ಇನ್ನೊಂದು ವಿದ್ಯೆ, ಯಾರೂ ಹೇಳಿಕೊಟ್ಟದ್ದಲ್ಲ. ಸುತ್ತಲಿನ ನೋಟವನ್ನು ಬಿಡಿಬಿಡಿ ಫೋಟೋಗಳಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಅವುಗಳನ್ನು ಒಂದಕ್ಕೊಂದು ಹೊಲಿದು, ನಡುವೆ ನಿಂತವರಿಗೆ ಅಲ್ಲೇ ಇದ್ದೇವೆ ಅನ್ನಿಸುವಂತೆ ಮಾಡುವುದು ನನ್ನ ಹುಚ್ಚು. ಲೈಬ್ರರಿಯ ಪುಸ್ತಕ ಮತ್ತು ಇಂಟರ್ನೆಟ್ ಫೋರಂಗಳಲ್ಲಿ ಅಪರಿಚಿತರ ಬೈಗುಳ, ಇವೆರಡೇ ನನ್ನ ಗುರುಗಳು.

ಅಂಕಲ್‌ಗೆ ಈಗ ಮಂಡಿನೋವು. ಸುರಂಗದಲ್ಲಿ ತೆವಳಲು ಆಗುವುದಿಲ್ಲ. ಹೊರಗೆ ಫ್ಯಾನಿನ ಪಕ್ಕ ಕುರ್ಚಿ ಹಾಕಿಕೊಂಡು ಬಟ್ಟೆಯ ಆಚೆಯಿಂದಲೇ ಪಾಠ ಹೇಳುತ್ತಾರೆ. ಡೋಮ್ ಕೊಳ್ಳಲು ಇಂಡಿಯಾನಾದಲ್ಲಿ ಯಾರೋ ಸಿದ್ಧರಿದ್ದರು. ಅದೇ ಹೊತ್ತಿಗೆ ರಾಚೆಸ್ಟರ್ ಹಿಲ್ಸ್‌ನ ಒಬ್ಬ ಆಂಟಿಯಿಂದ ಫೋನ್ ಬಂತು. ಅವರು ಧಾರವಾಡದವರು.

"ಏ ತಂಗಿ, ನಮ್ಮ ಹುಡುಗನ ಟೀಚರ್ ಒಬ್ರು ಕೊರಿಯಾದವ್ರ ಅದಾರ. ಮಕ್ಕಳನ್ನ ಸಿಯೋಲ್‌ಗೆ ಕರ್ಕೊಂಡ್ ಹೋಗಾಕಿ ಇದ್ಲು, ಸ್ಕೂಲಿನವ್ರು ಕ್ಯಾನ್ಸಲ್ ಮಾಡಿಬಿಟ್ರು. ಹುಡುಗ್ರು ಮಾರಿ ಸಣ್ಣದು ಮಾಡ್ಕೊಂಡ್ ಕುಂತಾವ. ನಿಮ್ಮ ಆ ಬುಗ್ಗಿಯೊಳಗ ಅರಮನಿ ತೋರ್ಸಾಕ ಬರ್ತದೇನು?"

ಆ ಟೀಚರ್ ಹಿಂದಿನ ಬೇಸಿಗೆಯಲ್ಲಿ ಅರಮನೆಯ ಅಂಗಳದಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಬಾಗಿಲು ಮುಚ್ಚುವ ಮುಂಚಿನ ಮುಸ್ಸಂಜೆಯಲ್ಲಿ, ಸುತ್ತಲೂ ಒಂದೊಂದೇ ಫೋಟೋ ತೆಗೆದಿದ್ದರು. ಎಲ್ಲವನ್ನೂ ಸಿ.ಡಿ.ಯಲ್ಲಿ ಕಳಿಸಿದರು. ಅಂಕಲ್ ಸಿ.ಡಿ. ಕೈಗೆ ಕೊಡುವಾಗ ನನ್ನನ್ನೇ ನೋಡಿದರು.

"ನೋಡು ಮರಿ, ನಕ್ಷತ್ರ ಬಿಟ್ಟು ಬೇರೇದು ನಂಗೆ ಬರಲ್ಲ. ಇದು ನಿನ್ನ ಶೋ. ಸರಿಯಾಗಿ ಆಯ್ತಾ, ಡೋಮ್ ನಿಂದು. ಆಗ್ಲಿಲ್ವಾ, ಇಂಡಿಯಾನಾದೋರಿಗೆ ಫೋನ್ ಮಾಡ್ತೀನಿ. ಬೇಜಾರ್ ಮಾಡ್ಕೋಬಾರ್ದು."

"ಆಗತ್ತೆ ಅಂಕಲ್."

"ಆಗತ್ತೆ ಅನ್ನೋರನ್ನ ಬೇಕಾದಷ್ಟು ನೋಡಿದೀನಿ. ನನ್ನ ಟೆಸ್ಟ್ ಗೊತ್ತಲ್ಲ?"

ಗೊತ್ತಿತ್ತು. ಶೋ ಮುಗಿಸಿ ಹೊರಗೆ ಬಂದ ಮಕ್ಕಳು ಮೊದಲ ನಕ್ಷತ್ರ ಯಾವ ಕಡೆ ಬಂತು ಅಂತ ಜಗಳ ಆಡಬೇಕು. ಮೆಲ್ಲಗೆ ಬೆಳಗಿದರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ನಕ್ಷತ್ರ ಮೊದಲು ಬೀಳುತ್ತದೆ; ಎಲ್ಲರೂ ಒಂದೇ ಉತ್ತರ ಕೊಟ್ಟರೆ ನೀನು ನಕ್ಷತ್ರ ಬೆಳಗಿಸುವ ಗುಂಡಿಯನ್ನು ಅವಸರದಲ್ಲಿ ತಿರುಗಿಸಿದೆ ಅಂತ ಅರ್ಥ. ಚಪ್ಪಾಳೆಯನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಫೋಟೋಗಳನ್ನು ಹೊಲಿಯಲು ಕೂತಾಗ ಮೊದಲ ಏಟು ಬಿತ್ತು. ಟೀಚರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಸಂಜೆಯೇ ಮುಗಿದಿತ್ತು! ಮೊದಲ ಫೋಟೋದಲ್ಲಿ ಸಿಂಹಾಸನದ ಮಂಟಪದ ಮೇಲೆ ಕಿತ್ತಳೆ ಬಿಸಿಲು, ಕೊನೆಯದರಲ್ಲಿ ಕಡು ನೀಲಿ ಕತ್ತಲು. ವೃತ್ತ ಮುಚ್ಚುವ ಜಾಗದಲ್ಲಿ ಬಿಸಿಲು ಮತ್ತು ಕತ್ತಲು ಗೋಡೆಯ ಹಾಗೆ ಎದುರುಬದುರು ನಿಂತಿದ್ದವು. ಕತ್ತಲಿನ ಫೋಟೋಗಳನ್ನು ಬೆಳಗಿಸಿದೆ, ಅಂಗಳದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕಿಗಳೆದ್ದವು. ಬಿಸಿಲಿನವನ್ನು ಕಪ್ಪಾಗಿಸಿದೆ, ಅರಮನೆ ಮಸಿ ಮೆತ್ತಿದ ಪಾತ್ರೆಯಾಯಿತು. ಎರಡನ್ನೂ ಅರ್ಧರ್ಧ ಬೆರೆಸಿ ನೋಡಿದೆ, ಅದು ಸಂಜೆಯೂ ಆಗಲಿಲ್ಲ, ಮಧ್ಯಾಹ್ನವೂ ಆಗಲಿಲ್ಲ. ವಾರಗಟ್ಟಲೆ ಹೀಗೇ ಹೋಯಿತು. ಅಂಗಡಿಯಲ್ಲಿ ಗಿರಾಕಿ ತೊಗರಿಬೇಳೆ ಕೇಳಿದರೆ ಕಡಲೆಬೇಳೆ ಕೊಟ್ಟು ಬೈಸಿಕೊಂಡೆ.

ಆಮೇಲೆ ಒಂದು ದಿನ ಅನ್ನಿಸಿತು, ಈ ವೃತ್ತವನ್ನು ಮುಚ್ಚಲೇಬೇಕು ಅಂತ ಯಾರು ಹೇಳಿದರು? ಇಡೀ ನೋಟವನ್ನು ನಿಧಾನವಾಗಿ ಒಂದೇ ಒಂದು ಸುತ್ತು ತಿರುಗಿಸೋಣ. ಬಿಸಿಲಿನಿಂದ ಹೊರಟು ಕತ್ತಲಿಗೆ ಬರೋಣ. ಮಕ್ಕಳ ಕಣ್ಣೆದುರೇ ಸಂಜೆಯಾಗಲಿ. ಹೊಲಿಗೆ ಕಾಣಿಸಿಕೊಳ್ಳುವ ಮುಂಚೆ ಅರಮನೆಯನ್ನು ಆರಿಸಿ ನಕ್ಷತ್ರ ತರೋಣ. ಅಂಕಲ್‌ಗೆ ಹೇಳಿದಾಗ ಕಣ್ಣು ಮುಚ್ಚಿ ಎರಡೂ ಕೈಯನ್ನು ಗಾಳಿಯಲ್ಲಿ ತಿರುಗಿಸಿ ನೋಡಿದರು. ಕೊನೆಗೆ, "ಅಂದ್ರೆ ಎಡಗೈಲಿ ಲ್ಯಾಪ್‌ಟಾಪು, ಬಲಗೈಲಿ ನಕ್ಷತ್ರದ ಗುಂಡಿ. ಎರಡೂ ಒಟ್ಟಿಗೆ. ಪ್ರಾಕ್ಟೀಸ್ ಮಾಡು," ಅಂದರು. ಅವರ ಗ್ಯಾರೇಜಿನಲ್ಲಿ ಜಾಕೆಟ್ ಹಾಕಿಕೊಂಡು ಪ್ರಾಕ್ಟೀಸ್ ಮಾಡಿದೆ.

ಡೋಮ್ ತುಂಬ ಚಿತ್ರ ಬೀಳಿಸುವ ಲೆನ್ಸ್ ನಮ್ಮ ಕೈಗೆಟುಕುವಂಥದ್ದಲ್ಲ. ಪ್ರೊಜೆಕ್ಟರನ್ನು ಉಬ್ಬುಕನ್ನಡಿಗೆ ತೋರಿಸಿದರೆ ಅದು ಬೆಳಕನ್ನು ಸುತ್ತಲೂ ಹರಡುತ್ತದೆ ಅಂತ ಫೋರಂನಲ್ಲಿ ಓದಿದ್ದೆ. ಕನ್ನಡಿ ಎಷ್ಟು ಸೊಟ್ಟ ಮಾಡುತ್ತದೋ ಅಷ್ಟನ್ನು ಮೊದಲೇ ಚಿತ್ರದಲ್ಲಿ ಉಲ್ಟಾ ಸೊಟ್ಟ ಮಾಡಿಟ್ಟರೆ ಡೋಮ್ ಮೇಲೆ ನೆಟ್ಟಗೆ ಕಾಣುತ್ತದೆ. ಅಂಥ ಕನ್ನಡಿ ನಮ್ಮ ಅಂಗಡಿಯ ಮೂಲೆಯಲ್ಲೇ ನೇತಾಡುತ್ತಿತ್ತು.

"ಸಾರ್, ಕಳ್ಳರನ್ನ ನೋಡೋ ಕನ್ನಡೀಲಿ ಅರಮನೆ ನೋಡ್ತಾಳಂತೆ ಇವಳು," ಅಬ್ಬು ಅಂಕಲ್ ಹತ್ತಿರ ದೂರು ಹೇಳಿದರು. "ಅಲ್ಲಿವರ್ಗೂ ನನ್ನ ಬಿಸ್ಕತ್ತು ಯಾರು ಕಾಯ್ತಾರೆ?"

"ನಾನೇ ಬಂದ್ ಕೂತ್ಕೋತೀನಿ ಬಿಡಿ. ಚಹಾ ಕೊಡ್ತೀರ ತಾನೆ?" ಅಂಕಲ್ ತಮಾಷೆ ಮಾಡಿದರು.

ಕನ್ನಡಿಯನ್ನು ಹೊದಿಕೆಯಲ್ಲಿ ಸುತ್ತಿ, ವ್ಯಾನಿನಲ್ಲಿ ಡೋಮ್ ತುಂಬಿ ಬೆಳಿಗ್ಗೆಯೇ ಹೊರಟೆವು. ದಾರಿಯುದ್ದಕ್ಕೂ ಹಿಮ. ಮಿಶಿಗನ್‌ಗೆ ಬಂದ ಮೇಲೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದಲ್ಲ, ಅದು ಬೇರೆ. ಆದರೂ ಅಂಕಲ್ ತಮ್ಮ ಕ್ರಮ ಬಿಡಲಿಲ್ಲ. ಚಳಿಗೆ ಗಡುಸಾದ ಬಟ್ಟೆಯನ್ನು ಜಿಮ್‌ನಲ್ಲಿ ಹರಡಿ ಬೆಚ್ಚಗಾಗಲು ಬಿಟ್ಟರು. ಫ್ಯಾನ್ ಮತ್ತು ಪ್ರೊಜೆಕ್ಟರಿನ ಪ್ಲಗ್ ಹಾಕಿದ ಕಡೆ ಯಾರೂ ಮುಟ್ಟಬಾರದು ಅಂತ ದೊಡ್ಡ ಅಕ್ಷರದ ಕಾಗದ ಅಂಟಿಸಿದರು.

ಡೋಮ್ ಉಬ್ಬಿ ನಿಂತ ಮೇಲೆ ಟೀಚರ್ ಅಂಟುಪಟ್ಟಿಯ ಸುರುಳಿ ಹಿಡಿದುಕೊಂಡು ಡೋಮ್ ಒಳಗೆ ಬಂದರು. ಚುರುಕಾದ ಹೆಂಗಸು. ನೆಲದ ಮೇಲೆ, ಸುರಂಗದ ಬಾಯಿಂದ ಎದುರಿನ ತುದಿಯವರೆಗೆ, ಎರಡು ಉದ್ದ ಗೆರೆ ಎಳೆದರು. ಅರಮನೆಯ ಅಂಗಳದಲ್ಲಿ ಮೂರು ಕಲ್ಲಿನ ದಾರಿಗಳಿವೆ, ನಡುವಿನದು ರಾಜನದು, ಅದನ್ನು ಬೇರೆ ಯಾರೂ ತುಳಿಯುವ ಹಾಗಿರಲಿಲ್ಲ ಅಂತ ವಿವರಿಸಿದರು. ಪೂರ್ವದ ಕಡೆ ದಫ್ತರದ ಅಧಿಕಾರಿಗಳು, ಪಶ್ಚಿಮದ ಕಡೆ ಸೈನ್ಯದವರು. ಮಕ್ಕಳೂ ಹಾಗೇ ಎರಡು ಪಾಲಾಗಿ ಕೂರುತ್ತಾರಂತೆ.

ನನಗೆ ಸಿಟ್ಟು ಬಂತು. ನೋಟ ಚೆನ್ನಾಗಿ ಕಾಣುವುದೇ ನಡುವೆ ಕೂತರೆ! "ಮ್ಯಾಮ್, ಬೆಸ್ಟ್ ಸೀಟ್ಸ್ ಅಲ್ಲೇ ಇರೋದು," ಅಂದೆ.

"ಅದಕ್ಕೇ ಅದು ರಾಜನ ಜಾಗ," ಅಂದರು ಅವರು, ಅಂಟುಪಟ್ಟಿಯನ್ನು ಹಲ್ಲಿನಿಂದ ಕತ್ತರಿಸುತ್ತ. "ಒಂದು ತಿಂಗಳಿಂದ ಕ್ಲಾಸಿನಲ್ಲಿ ಬೆಂಚುಗಳ ನಡುವೆ ಇದನ್ನೇ ಆಡಿಸಿದ್ದೀನಿ. ತುಳಿದವರು ಆವತ್ತಿನ ಬೋರ್ಡ್ ಒರೆಸಬೇಕು."

ಜಾಗ ಹೇಗೂ ಖಾಲಿ ಇರುತ್ತದಲ್ಲ ಅಂತ ನಕ್ಷತ್ರ ಯಂತ್ರ, ಕೇಬಲ್, ಲ್ಯಾಪ್‌ಟಾಪ್, ಪ್ರೊಜೆಕ್ಟರ್, ತುದಿಯಲ್ಲಿ ಕನ್ನಡಿ, ಎಲ್ಲವನ್ನೂ ರಾಜನ ದಾರಿಯಲ್ಲೇ ಜೋಡಿಸಿದೆ. ರಾಜನಿಗೆ ಗೊತ್ತಾಗುವ ಹಾಗಿರಲಿಲ್ಲ.

ಸಂಜೆಯಾಯಿತು. ಅಪ್ಪ ಅಮ್ಮಂದಿರು, ಅಜ್ಜಿಯರು ಊಟದ ಡಬ್ಬಿಗಳ ಜೊತೆ ಬಂದರು. ಮಕ್ಕಳು ತೆವಳಿಕೊಂಡು ಬಂದು ಎಡಕ್ಕೆ ಬಲಕ್ಕೆ ಸರಿದು ಕೂತರು. ಹೊರಗಿನಿಂದ ಅಂಕಲ್ ತಮ್ಮ ಹಳೆಯ ಪಾಠ ಒಪ್ಪಿಸಿದರು. ಆಕಾಶ ಬಿದ್ದರೆ ಏನು ಮಾಡಬೇಕು? ಎರಡೂ ಕೈ ಮೇಲೆತ್ತಿ, ಎದ್ದು, ನಿಮ್ಮ ಪಕ್ಕದ ಬಟ್ಟೆಯ ಅಂಚು ಎತ್ತಿ ಹೊರಗೆ ಬರಬೇಕು. ಮಕ್ಕಳೆಲ್ಲ ನಕ್ಕರು. ಪ್ರತಿ ಶೋನಲ್ಲೂ ನಗುತ್ತಾರೆ.

ದೀಪ ಆರಿಸಿದೆ. ಅರಮನೆ ಎದ್ದು ನಿಂತಿತು.

ಗ್ಯಾರೇಜಿನಲ್ಲಿ ಎಷ್ಟೋ ಸಲ ನೋಡಿದ್ದೆ, ಆದರೆ ಜನ ತುಂಬಿದ ಡೋಮ್‌ನಲ್ಲಿ ಅದು ಬೇರೆಯೇ ಆಗಿತ್ತು. ಎರಡು ಅಂತಸ್ತಿನ ಮಂಟಪ, ಹಸಿರು ಕೆಂಪು ಬಣ್ಣ ಬಳಿದ ತೊಲೆಗಳು, ಮೇಲೆ ಬಾಗಿದ ಸೂರು, ಹಿಂದೆ ಬೆಟ್ಟ. ಬಿಸಿಲು ಸೂರಿನ ಅಂಚಿನಿಂದ ಇಳಿಯುತ್ತಿದ್ದಂತೆ ಇಡೀ ನೋಟ ನಿಧಾನವಾಗಿ ತಿರುಗತೊಡಗಿತು. ಅಧಿಕಾರಿಗಳು ನಿಲ್ಲುತ್ತಿದ್ದ ಜಾಗದ ಪುಟ್ಟ ಕಲ್ಲುಗಳ ನೆರಳು ಉದ್ದವಾಯಿತು. ಟೀಚರ್ ಮೆಲ್ಲಗೆ ಹೇಳುತ್ತಿದ್ದರು. ಒಬ್ಬ ಹುಡುಗ "ವೋ" ಅಂದ. ನನ್ನ ಎಡಗೈ ಲ್ಯಾಪ್‌ಟಾಪ್ ಮೇಲಿತ್ತು, ಬಲಗೈ ಗುಂಡಿಯ ಹತ್ತಿರ. ಅರ್ಧ ಸಂಜೆ ಆಗಿತ್ತು.

ಟಪ್.

ಅಷ್ಟೇ ಶಬ್ದ. ಅರಮನೆ ಮಾಯ. ಕಗ್ಗತ್ತಲು. ಆಮೇಲೆ ನನ್ನನ್ನು ನಿಜವಾಗಿ ಹೆದರಿಸಿದ್ದು ನಿಶ್ಶಬ್ದ, ಯಾಕೆಂದರೆ ಫ್ಯಾನಿನ ಮೊರೆತ ನಿಂತಿತ್ತು. ಏನೋ ಮೆತ್ತಗೆ ನನ್ನ ಕೂದಲನ್ನು ಮುಟ್ಟಿತು. ಆಕಾಶ. ಅದು ಕೆಳಗೆ ಬರುತ್ತಿತ್ತು. ಎಷ್ಟೋ ವರ್ಷ ಜೋಕಿನ ಹಾಗೆ ಹೇಳಿದ್ದ ಮಾತು ನಿಜವಾಗಿ, ಬಟ್ಟೆಯ ವಾಸನೆಯ ಜೊತೆ, ನನ್ನ ಮುಖದ ಮೇಲೆ ಕೂತಿತು. ಯಾರೋ ಕಿರುಚಿದರು. ಸುರಂಗ, ಸುರಂಗ, ಅದೊಂದೇ ತಲೆಯಲ್ಲಿ. ಎಲ್ಲರೂ ಬಂದ ದಾರಿಗೇ ನುಗ್ಗುತ್ತಾರೆ. ಆ ಕೊಳವೆಯಲ್ಲಿ ಒಬ್ಬರೇ ಹಿಡಿಸುವುದು. ದಾರಿಯುದ್ದಕ್ಕೂ ನನ್ನ ಕೇಬಲ್‌ಗಳು.

ಹೊರಗಿನಿಂದ ಅಂಕಲ್ ಕೂಗಿದ್ದು ಕೇಳಿಸಿತು: "ಹ್ಯಾಂಡ್ಸ್ ಅಪ್! ಲಿಫ್ಟ್ ಯುವರ್ ಸೈಡ್!" ಆಮೇಲೆ ಕನ್ನಡದಲ್ಲಿ, ದನಿ ಒಡೆದು: "ಮರೀ, ಎಲ್ಲಿದೀಯೇ?"

ಕಾಲುಗಳ ಸದ್ದು. ಎರಡೂ ಬದಿಯಿಂದ ತಣ್ಣನೆ ಗಾಳಿ ನುಗ್ಗಿತು. ಆಮೇಲೆ ಬಟ್ಟೆ ಪೂರ್ತಿ ನನ್ನ ಮೇಲೆ ಮಲಗಿತು.

ನಾನು ಅಂಚು ಹುಡುಕಿ ಹೊರಗೆ ತೆವಳಿ ಬರುವಷ್ಟರಲ್ಲಿ ಟೀಚರ್ ಹಾಜರಿ ಕೂಗುತ್ತಿದ್ದರು. ಎಲ್ಲರೂ ಇದ್ದರು. ಒಬ್ಬರಿಗೂ ತರಚಿರಲಿಲ್ಲ. ನಾನು ಜಿಮ್ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಮೇಲಿನ ದೊಡ್ಡ ದೀಪಗಳು ಉರಿಯುತ್ತಲೇ ಇದ್ದವು. ಹೋಗಿದ್ದದ್ದು ಗೋಡೆಯ ಪ್ಲಗ್‌ಗಳ ಕರೆಂಟು ಮಾತ್ರ.

ಯಾಕೆ ಅನ್ನುವುದು ಎದುರು ಗೋಡೆಯ ಹತ್ತಿರ ಸಿಕ್ಕಿತು. ಅಲ್ಲಿ ಎರಡು ದೊಡ್ಡ ರೈಸ್ ಕುಕ್ಕರ್‌ಗಳಿದ್ದವು. ಒಂದು ನಮ್ಮ ಧಾರವಾಡದ ಆಂಟಿಯದು, ಇನ್ನೊಂದು ಒಬ್ಬ ಕೊರಿಯನ್ ಅಜ್ಜಿಯದು. ಅಂಕಲ್ ಕಾಗದ ಅಂಟಿಸಿದ್ದ ಪ್ಲಗ್ ಕಡೆ ಇಬ್ಬರೂ ತಲೆ ಹಾಕಿರಲಿಲ್ಲ. ಮರ್ಯಾದೆಯಿಂದ ಆಚೆ ಗೋಡೆಗೆ ಹೋಗಿದ್ದರು. ಆದರೆ ಜಿಮ್‌ನ ಗೋಡೆಗಳೆಲ್ಲ ಒಂದೇ ಲೈನಿನಲ್ಲಿದ್ದವು; ಎರಡು ಕುಕ್ಕರಿನ ಭಾರ ತಾಳದೆ ಬ್ರೇಕರ್ ಬಿದ್ದಿತ್ತು.

"ಅಲ್ಲ ಆಂಟಿ, ಅನ್ನ ಮನೆಯಿಂದ್ಲೇ ಮಾಡ್ಕೊಂಡ್ ಬರ್ಬಾರ್ದಿತ್ತಾ?" ಅಂದೆ ನಾನು.

"ಆರಿದ ಅನ್ನ ನೀಡಂತಿಯೇನು ಬಂದ ಮಂದಿಗೆ?" ಆಂಟಿಗೆ ನಿಜವಾಗಿಯೂ ಆಶ್ಚರ್ಯ. "ಹುಡುಗ್ರು ಹೊರಗ ಬರೂ ಹೊತ್ತಿಗೆ ಬಿಸಿ ಬಿಸಿ ಆಗ್ಲಿ ಅಂತ ಒಳಗ ಹೋದ ಕೂಡ್ಲೇ ಒತ್ತಿದ್ನಿ. ಈ ಅಜ್ಜೀನೂ ನನ್ನ ನೋಡಿದ್ಲು, ಆಕಿನೂ ಒತ್ತಿದ್ಲು."

ಅಜ್ಜಿ ಮುಚ್ಚಳ ತೆಗೆದು ನೋಡಿ ಲೊಚಗುಟ್ಟಿ ತಲೆಯಾಡಿಸಿದರು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ಅರ್ಧ ಬೆಂದ ಅನ್ನದ ದುಃಖ ಮಾತ್ರ ಒಂದೇ ಇತ್ತು.

"ಮಾಮ್, ಯು ಕಿಲ್ಡ್ ದ ಪ್ಯಾಲೆಸ್," ಅಂದ ಆಂಟಿಯ ಮಗ.

"ಸುಮ್ಮಿರೋ. ಅನ್ನಾ ಸತ್ತದ ಇಲ್ಲಿ."

ನಗು ಬಂದರೂ ನಗಲಾಗಲಿಲ್ಲ, ಯಾಕೆಂದರೆ ವೈಸ್ ಪ್ರಿನ್ಸಿಪಾಲ್ ನಮ್ಮ ಕಡೆಗೇ ಬರುತ್ತಿದ್ದರು. ಎತ್ತರದ ಮನುಷ್ಯ, ಮುಖ ಬಿಳಿಚಿಕೊಂಡಿತ್ತು. ಇವತ್ತಿಗೆ ಸಾಕು, ಗಂಟು ಕಟ್ಟಿ, ಅಂದರು. ಮಕ್ಕಳು ಗೊಣಗಿದರು. ಅಂಕಲ್ ಕುರ್ಚಿಯಿಂದ ಏಳಲಿಲ್ಲ. ಮಂಡಿಯ ಮೇಲೆ ಕೈಯಿಟ್ಟುಕೊಂಡು ನನಗೆ ಮಾತ್ರ ಕೇಳಿಸುವ ಹಾಗೆ, "ಬಿಡು ಮರಿ, ಪ್ಯಾಕ್ ಮಾಡೋಣ," ಅಂದರು. ಆ ದನಿಯಲ್ಲಿ ಇಂಡಿಯಾನಾ ಇತ್ತು.

ಪ್ಯಾಕ್ ಮಾಡಲು ನಾನು ಬಟ್ಟೆ ಎತ್ತಿದೆ. ವೈಸ್ ಪ್ರಿನ್ಸಿಪಾಲ್ ಇನ್ನೊಂದು ಬದಿ ಹಿಡಿದರು. ಕನ್ನಡಿ ಚೂರಾಗಿರುತ್ತದೆ, ಯಂತ್ರ ಮುರಿದಿರುತ್ತದೆ, ಅಬ್ಬುಗೆ ಏನು ಹೇಳಲಿ ಅಂತ ಕಣ್ಣು ಅರ್ಧ ಮುಚ್ಚಿಕೊಂಡೇ ನೋಡಿದೆ.

ಏನೂ ಆಗಿರಲಿಲ್ಲ! ಎರಡು ಗೆರೆಗಳ ನಡುವೆ ಕನ್ನಡಿ ಹಾಗೇ ನಿಂತಿತ್ತು. ಯಂತ್ರ, ಕೇಬಲ್, ಪ್ರೊಜೆಕ್ಟರ್, ಯಾವುದೂ ಒಂದು ಬೆರಳಿನಷ್ಟೂ ಕದಲಿರಲಿಲ್ಲ. ಗೆರೆಯ ಆಚೀಚೆ ಜಾಕೆಟ್‌ಗಳು, ಟೋಪಿಗಳು, ಒಂದು ಒಂಟಿ ಶೂ ಬಿದ್ದಿದ್ದವು. ಗೆರೆಗಳ ಒಳಗೆ ಒಂದು ಕಾಲಿನ ಗುರುತೂ ಇಲ್ಲ. ಬ್ಯಾಟರಿ ಮೇಲಿದ್ದ ಲ್ಯಾಪ್‌ಟಾಪ್ ಬಟ್ಟೆಯ ಕೆಳಗೆ ತನ್ನಷ್ಟಕ್ಕೆ ಅರಮನೆಯನ್ನು ತಿರುಗಿಸುತ್ತಲೇ ಇತ್ತು. ಅದರ ಪರದೆಯೊಳಗೆ ಅರಮನೆಗೆ ಆಗಲೇ ರಾತ್ರಿಯಾಗಿತ್ತು.

ವೈಸ್ ಪ್ರಿನ್ಸಿಪಾಲ್ ಬಗ್ಗಿ ಆ ಗೆರೆಗಳನ್ನು ನೋಡಿದರು. "ಯಾರೂ ಸುರಂಗಕ್ಕೆ ಹೋಗಲಿಲ್ವಾ?"

ಒಬ್ಬಳು ಹುಡುಗಿ ಇಂಗ್ಲಿಷಿನಲ್ಲಿ, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ ಹೇಳಿದಳು: "ಸುರಂಗ ಇರೋದು ರಾಜನ ದಾರಿಯ ಕೊನೆಯಲ್ಲಿ. ನಾವು ಆರ್ಮಿ. ನಾವು ವೆಸ್ಟ್ ಕಡೆಯಿಂದ ಬಂದ್ವಿ."

ಟೀಚರ್ ಅಂಟುಪಟ್ಟಿಯ ಸುರುಳಿಯನ್ನು ಬಳೆಯ ಹಾಗೆ ಕೈಗೆ ಹಾಕಿಕೊಂಡು ನಿಂತಿದ್ದರು. ನಾನು ಮಧ್ಯಾಹ್ನ ಜಗಳವಾಡಿದ್ದ ಅದೇ ಎರಡು ಗೆರೆ.

ಆಗ ನನ್ನ ಬಾಯಿಂದ ಮಾತು ಬಂತು. ಅಂಕಲ್‌ರನ್ನು ಕೇಳದೆ ನಾನು ತೀರ್ಮಾನ ಮಾಡಿದ್ದು ಅದೇ ಮೊದಲು. ಬಿದ್ದ ಬ್ರೇಕರ್ ಎತ್ತಿಸಿ ಫ್ಯಾನಿಗೆ ಹಾಲ್‌ವೇಯಿಂದ ಬೇರೆ ಲೈನ್ ಎಳೆಯುತ್ತೇನೆ. ನಿಮ್ಮ ಕಣ್ಣೆದುರೇ ಒಮ್ಮೆ ಬೇಕೆಂದೇ ಡೋಮ್ ಬೀಳಿಸಿ ಎಷ್ಟು ನಿಧಾನವಾಗಿ ಬೀಳುತ್ತದೆ ಅಂತ ತೋರಿಸುತ್ತೇನೆ. ಆಮೇಲೂ ಬೇಡ ಅಂದರೆ ಹೊರಡುತ್ತೇವೆ. ಅವರು ಒಪ್ಪಿದರು. ನಾನೊಬ್ಬಳೇ ಒಳಗೆ ನಿಂತು ಅಂಕಲ್‌ಗೆ ಫ್ಯಾನ್ ಆರಿಸಲು ಹೇಳಿದೆ. ಬಟ್ಟೆ ಮತ್ತೆ ಮುಖಕ್ಕೆ ಬರುವವರೆಗೂ ಕಾದೆ. ಕೈ ಮೇಲೆತ್ತಿ, ಅಂಚು ಎತ್ತಿ, ಪೂರ್ವದ ಕಡೆಯಿಂದ ಹೊರಗೆ ಬಂದೆ. ವೈಸ್ ಪ್ರಿನ್ಸಿಪಾಲ್ ಗಡ್ಡ ಕೆರೆದುಕೊಂಡರು. "ಪ್ಲಗ್ ಹತ್ತಿರ ಒಬ್ಬರು ಕೂತಿರಬೇಕು," ಅಂದರು.

"ನಾ ಕುಂದರ್ತೀನಿ," ಆಂಟಿ ಕುರ್ಚಿ ಎಳೆದುಕೊಂಡರು. "ಯಾವಾಕಿ ಬರ್ತಾಳ ಕುಕ್ಕರ್ ತಗೊಂಡು, ನೋಡೇಬಿಡ್ತೀನಿ." ಆಮೇಲೆ ಅಜ್ಜಿಯ ಭುಜ ತಟ್ಟಿ ಡೋಮ್ ಕಡೆ ಕೈ ತೋರಿಸಿದರು. "ನೀವು ಹೋಗ್ರಿ ಯಮ್ಮಾ. ನಿಮ್ಮ ಊರು ಅದು."

ಅಜ್ಜಿ ಸುರಂಗದಲ್ಲಿ ತೆವಳಿದರು. ನಡುವೆ ಜಾಗ ಇದೆ, ಕೂತ್ಕೊಳ್ಳಿ ಅಂತ ನಾನು ಸನ್ನೆ ಮಾಡಿದೆ. ಅವರು ಗೆರೆ ನೋಡಿ, ನನ್ನ ಮುಖ ನೋಡಿ, ಪಕ್ಕಕ್ಕೆ ಸರಿದು ಕೂತರು. ನಾನು ಇನ್ನೂ ಕಲಿತಿರಲಿಲ್ಲ.

ಪ್ರೊಜೆಕ್ಟರ್ ಹೊತ್ತಿಸಿದಾಗ ಡೋಮ್ ತುಂಬ ಕಡು ನೀಲಿ. ನಾವು ಹೊರಗಿದ್ದಾಗಲೇ ಸೂರ್ಯ ಮುಳುಗಿಬಿಟ್ಟಿದ್ದ. "ನಾವು ಸನ್‌ಸೆಟ್ ಮಿಸ್ ಮಾಡ್ಕೊಂಡ್ವಿ," ಯಾರೋ ಅಳುವ ದನಿಯಲ್ಲಿ ಅಂದರು. ನಾನು ಸೂರ್ಯನನ್ನು ವಾಪಸ್ ತಂದೆ. ಮೊದಲಿನಿಂದ.

ಈ ಸಲ ಕರೆಂಟು ಹೋದ ಜಾಗ ಬಂದಾಗ ಕೆಲವರ ಕೈಗಳು ತಾವಾಗಿ ಮೇಲೆದ್ದವು. ಏನೂ ಆಗಲಿಲ್ಲ. ನೆರಳು ಅಂಗಳ ದಾಟಿತು. ಸೂರಿನ ಬಣ್ಣ ಕಂದಿತು. ಕತ್ತಲೆಯಲ್ಲಿ ಅಜ್ಜಿ ಮೆಲ್ಲಗೆ ಏನೋ ಹೇಳಿದರು, ಟೀಚರ್ ಮಕ್ಕಳಿಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಚಿಕ್ಕವಳಿದ್ದಾಗ ಶಾಲೆಯವರು ಅರಮನೆಗೆ ಕರೆದುಕೊಂಡು ಹೋಗಿದ್ದರಂತೆ. ಬಿಸಿಲು ಇಳಿಯುತ್ತಿದ್ದ ಹಾಗೆ ಕಾವಲಿನವರು ಬಾಗಿಲು ಹಾಕಬೇಕು ಅಂತ ಎಲ್ಲರನ್ನೂ ಹೊರಗಟ್ಟಿದರಂತೆ. ಆಮೇಲೆ ಒಳಗೆ ಏನಾಗುತ್ತದೆ ಅಂತ ನೋಡಬೇಕು ಅಂತ ಆಗಿನಿಂದ ಇತ್ತಂತೆ.

ಹೊಲಿಗೆ ಹತ್ತಿರ ಬಂತು. ಎಡಗೈಯಿಂದ ಅರಮನೆಯನ್ನು ಆರಿಸತೊಡಗಿದೆ, ಬಲಗೈಯಿಂದ ಗುಂಡಿ. ಗ್ಯಾರೇಜಿನಲ್ಲಿ ಅಂಕಲ್ ಹೇಳಿದ್ದರು, ಕೈ ತಿರುಗುತ್ತಿದೆ ಅಂತ ನಿನಗೇ ಗೊತ್ತಾಗಬಾರದು ಅಂತ. ನನಗೆ ಗೊತ್ತಾಗಲಿಲ್ಲ. ಸೂರಿನ ಗೆರೆ ಇದ್ದ ಕಡೆ ಈಗ ಏನೂ ಇಲ್ಲ, ಮೇಲೆ ತುಂಬ ಚುಕ್ಕಿ.

ಮಕ್ಕಳು ಅಂಚು ಎತ್ತಿ ಪೂರ್ವಕ್ಕೆ ಪಶ್ಚಿಮಕ್ಕೆ ಹೊರಗೆ ಬಂದರು. ಬಂದ ಕೂಡಲೇ ಶುರುವಾಯಿತು. ಬೆಟ್ಟದ ಮೇಲೆ ಬಂತು ಮೊದಲು, ಅಂದಳು ಆರ್ಮಿಯ ಹುಡುಗಿ. ಇಲ್ಲ, ಮಂಟಪದ ಸೂರಿನ ಮೇಲೆ, ಅಂದ ಆಂಟಿಯ ಮಗ. ನಿನ್ನ ಕಣ್ಣಿಗೇನಾಗಿದೆ ಅಂದಳು ಇನ್ನೊಬ್ಬಳು. ಟೀಚರ್ ಕೂಡ ಬಾಗಿಲಿನ ಕಡೆ ಅಂತ ವಾದಕ್ಕಿಳಿದರು. ಪ್ಲಗ್ ಪಕ್ಕ ಕೂತಿದ್ದ ಆಂಟಿ, "ನನಗ ಒಂದೂ ಕಾಣ್ಲಿಲ್ಲ, ಅದಕ್ಕೂ ಯಾರರ ಸಿಟ್ಟಾಗ್ರಿ," ಅಂದರು.

ಅಂಕಲ್ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಆ ಜಗಳವನ್ನು ಕೇಳುತ್ತಿದ್ದರು. ನಾನು ಫ್ಯಾನ್ ಆರಿಸಿದೆ. ಡೋಮ್ ನಿಧಾನವಾಗಿ ನೆಲಕ್ಕಿಳಿಯಿತು, ಈ ಸಲ ನಾನು ಹೇಳಿದ ಮೇಲೆ. ಅವರು ಕಣ್ಣು ತೆರೆದರು.

"ಮರಿ, ನಿಮ್ಮಪ್ಪನ ಕನ್ನಡಿ ಜೋಪಾನವಾಗಿ ವಾಪಸ್ ಕೊಟ್ಬಿಡು," ಅಂದರು. "ಡೋಮ್‌ಗೆ ಅಂತ ನೀನು ಬೇರೇದು ತಗೋ."

ಇಂಡಿಯಾನಾದವರಿಗೆ ಇನ್ನು ಫೋನ್ ಹೋಗುವುದಿಲ್ಲ ಅಂತ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮತ್ತೆ ನೆಲದ ಮೇಲೆ ಕೂತುಬಿಟ್ಟೆ.

ಈಗ ನಿಮ್ಮ ಸರದಿ. ನೀವು ಮಾಡಿದ ಯಾವುದೋ ಕೆಲಸ ನಟ್ಟನಡುವೆ ಟಪ್ ಅಂತ ನಿಂತು, ಎಲ್ಲರ ಎದುರು ನಿಮ್ಮ ತಲೆಯ ಮೇಲೇ ಬಿದ್ದದ್ದು ಇದ್ದೇ ಇರುತ್ತದೆ. ಆಗ ನಿಮ್ಮನ್ನು ಉಳಿಸಿದ್ದು ಏನು? ನೀವು ಬೇಡ ಅಂದಿದ್ದದ್ದೇ ಆಗಿತ್ತಾ? ನಾಚಿಕೆ ಬಿಟ್ಟು ಬರೆಯಿರಿ, ನಾನು ಒಂದೊಂದನ್ನೂ ಓದುತ್ತೇನೆ. ಜಿಮ್‌ನಲ್ಲಿ ಕುಕ್ಕರ್ ಇಟ್ಟವರಿದ್ದರೆ ನೀವೂ ಬರೆಯಿರಿ, ಆಂಟಿ ನಿಮ್ಮ ಪರವಾಗಿಯೇ ಇದ್ದಾರೆ.